ಸರ್ಕಾರಕ್ಕೆ ಸಾಲ ಕೊಟ್ಟವಳು ನಮ್ಮವ್ವ

ಸರ್ಕಾರ ನಮ್ಮವ್ವನಿಗೆ ಬಡ್ಡಿ ಕೊಡಬೇಕು.

ಅಸಲು ಬಂತು. ಕುಂಟುತ್ತಾ, ತೆವಳುತ್ತಾ, ಕಂತು ಕಂತಾಗಿ ಬಂತು. ಕೊನೆಯ ಕಂತು ನಾನು ಡಿಗ್ರಿ ಮುಗಿಸಿ ಹೊರಬಿದ್ದ ಮೇಲೆ ಬಂತು. ಬಡ್ಡಿ ಮಾತ್ರ ಯಾರೂ ಕೊಡಲಿಲ್ಲ. ಅದನ್ನು ಕಟ್ಟಿದವಳು ಅವ್ವ. ವಾರ ವಾರವೂ ಸಂಘದ ಸಾಲ ವಸೂಲಿಗೆ ಬೈಕಿನಲ್ಲಿ ಬರುವ ಹುಡುಗನ ಮುಂದೆ, ಕೇರಿಯ ಉಳಿದ ಹೆಂಗಸರ ಜೊತೆ ನೆಲದ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಕಟ್ಟಿದಳು.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾತು ಹೇಳುತ್ತಿದ್ದೇನೆ. "ಅವರಿಗೇನಪ್ಪ, ಎಲ್ಲಾ ಫ್ರೀ" ಎಂದು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತೀರಲ್ಲ, ಆ ಫ್ರೀ ಹೇಗಿರುತ್ತದೆ ಅಂತ ಇವತ್ತು ಕೂತು ಕೇಳಿ. ಅರ್ಧಕ್ಕೆ ಎದ್ದು ಹೋಗಬೇಡಿ.

ನಾನು ಸೇರಿದ್ದು ಮೈಸೂರಿನ ಒಂದು ಖಾಸಗಿ ಕಾಲೇಜು. ಹೆಸರು ಬೇಡ, ಎಲ್ಲ ಊರಲ್ಲೂ ಅಂಥದ್ದೊಂದು ಇದೆ. ಪ್ರವೇಶದ ದಿನ ಜಾತಿ ಪತ್ರ, ಆದಾಯ ಪತ್ರ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಗುಮಾಸ್ತರು ಅವನ್ನು ಒಂದು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. "ಇದೆಲ್ಲ ಇರಲಿ, ಮೊದ್ಲು ಫೀಸ್ ಕಟ್ಟಿ. ಗೌರ್ಮೆಂಟ್ ಕೊಟ್ಟಾಗ ನೀವು ತಗೊಳಿ." ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದಿದೆ. ಅದಿರುವ ವಿದ್ಯಾರ್ಥಿಯ ಹತ್ತಿರ ಸೇರುವಾಗಲೇ ಶುಲ್ಕ ವಸೂಲಿ ಮಾಡಬಾರದು ಎಂಬುದು ಅದರ ಆಶಯ. ಅಂಥ ಕಾರ್ಡ್ ಅನ್ನು ನಾನು ಕಣ್ಣಲ್ಲಿ ಕಂಡಿಲ್ಲ, ನನ್ನ ಜೊತೆ ಸಾಲಿನಲ್ಲಿ ನಿಂತ ಒಬ್ಬಳೂ ಕಂಡಿರಲಿಲ್ಲ. ಅವ್ವ ಆ ವಾರವೇ ಸಂಘದಲ್ಲಿ ಸಾಲ ಎತ್ತಿದಳು. ಸರ್ಕಾರ ಕಟ್ಟಬೇಕಾದ ಹಣವನ್ನು, ಸರ್ಕಾರದ ಪರವಾಗಿ, ಕಳೆ ಕೀಳುವ ಕೂಲಿಯ ಹೆಂಗಸು ಮುಂಗಡವಾಗಿ ಕಟ್ಟಿದಳು. ಹಾಗೆ ಕಟ್ಟಿದವಳು ಅವಳೊಬ್ಬಳೇ ಅಲ್ಲ. ನಮ್ಮ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮಗುವಿರುವ ಮನೆಗಳ ಸಂಘದ ಪುಸ್ತಕ ತೆಗೆದು ನೋಡಿ. ಸಾಲ ಎತ್ತಿದ ತಿಂಗಳು ಯಾವುದು? ಕಾಲೇಜು ಶುರುವಾಗುವ ತಿಂಗಳು.

ಇನ್ನು ಬಡತನದ ಸಾಕ್ಷಿ.

ಅಪ್ಪ ತೀರಿಕೊಂಡಿದ್ದರಿಂದ ಆದಾಯ ಪತ್ರ ಅವ್ವನ ಹೆಸರಿಗೆ ಆಗಬೇಕಿತ್ತು. ನಾಡಕಚೇರಿಯ ಕಿಟಕಿ, ಅಲ್ಲಿಂದ ಗ್ರಾಮ ಲೆಕ್ಕಿಗರು, ಅವರಿಂದ ಕಂದಾಯ ನಿರೀಕ್ಷಕರು. ಲೆಕ್ಕಿಗ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬಹುದು. ಕುರ್ಚಿಯಲ್ಲಿ ಕೂತಿದ್ದ. ಅವ್ವ ನಿಂತಿದ್ದಳು.

"ವರ್ಷಕ್ಕೆ ಎಷ್ಟಮ್ಮ ಆದಾಯ?"

"ಕೂಲಿ ಸಿಕ್ಕುದ್ರೆ ಉಂಟು, ಇಲ್ದಿದ್ರೆ ಇಲ್ಲ ಬುದ್ಧಿ."

"ಮನೇಲಿ ಟಿವಿ ಇದ್ಯಂತಲ್ಲ. ಮತ್ತೇನ್ ಬಡವರು ನೀವು?"

ಆ ಟಿವಿ ಅಪ್ಪ ಬದುಕಿದ್ದಾಗ ಬಂದಿದ್ದು. ಅವ್ವ ಅದನ್ನು ವಿವರಿಸಲು ಹೋದಳು. ಯಾವಾಗ ಬಂತು, ಎಷ್ಟಕ್ಕೆ ಬಂತು, ಈಗ ಹೇಗೆ ಕೆಟ್ಟು ಕೂತಿದೆ ಎಂದೆಲ್ಲ. ನಲವತ್ತು ದಾಟಿದ ಹೆಂಗಸು ಒಬ್ಬ ಹುಡುಗನಿಗೆ ಮಾತುಮಾತಿಗೂ 'ಬುದ್ಧಿ' ಹಚ್ಚುತ್ತಾ, ತನ್ನ ಮನೆಯ ಟಿವಿ ಕೆಟ್ಟಿದೆ ಎಂದು ಆಣೆ ಮಾಡುತ್ತಾ ನಿಂತಿದ್ದಾಗ ನನ್ನ ಕಿವಿಗೆ ಬಿದ್ದ ಆ ದನಿ ಇವತ್ತಿಗೂ ಅಲ್ಲೇ ಇದೆ. ಗೌಡರ ಜಗಲಿಯ ಮುಂದೆ ಅಜ್ಜಿ ಮಾತಾಡುತ್ತಿದ್ದ ದನಿಯೇ ಅದು. ಮಗಳು ಡಿಗ್ರಿ ಓದಲಿ ಅಂತ ಅವ್ವ ಮತ್ತೆ ಆ ಜಗಲಿಯ ಮುಂದೆ ಹೋಗಿ ನಿಂತಳು. ಜಗಲಿಗೆ ಈಗ ಕಂಪ್ಯೂಟರ್ ಬಂದಿದೆ, ಅಷ್ಟೇ.

ನಮ್ಮ ಬಡತನದ ಗೆರೆ ಎಲ್ಲಿದೆ ಗೊತ್ತೆ? ವಿದ್ಯಾರ್ಥಿವೇತನ ಸಿಗಬೇಕೆಂದರೆ ತಂದೆತಾಯಿಯ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. 2013ರಲ್ಲಿ ಎಳೆದ ಗೆರೆ. ಆಮೇಲೆ ಅಕ್ಕಿಯ ಬೆಲೆ ಏರಿತು, ಬಾಡಿಗೆ ಏರಿತು, ಕಾಲೇಜು ಶುಲ್ಕ ಏರಿತು, ಶಾಸಕರ ಸಂಬಳ ಏರಿತು. ಗೆರೆ ಏರಲಿಲ್ಲ. 2019ರಲ್ಲಿ ಮೇಲುಜಾತಿಯ ಬಡವರಿಗೆ ಶೇ 10 ಮೀಸಲಾತಿ ತಂದರಲ್ಲ, ಆಗ ಅದೇ ಕೇಂದ್ರ ಸರ್ಕಾರ ಬಡತನದ ಗೆರೆಯನ್ನು 8 ಲಕ್ಷಕ್ಕೆ ಎಳೆಯಿತು. ಅವರ ಮನೆಗೆ ತಿಂಗಳಿಗೆ 60 ಸಾವಿರ ಬಂದರೂ ಬಡವರು. ನಮ್ಮ ಮನೆಗೆ 21 ಸಾವಿರ ಬಂದರೆ ನಾವು ಸ್ಥಿತಿವಂತರು. ಎರಡು ಗೆರೆ ಎಳೆದ ಕೈ ಒಂದೇ. ಆ ಕೈಗೆ ಜಾತಿ ಗೊತ್ತಿಲ್ಲ ಎಂದು ಯಾರೂ ನನಗೆ ಹೇಳಲು ಬರಬೇಡಿ.

ಕಾಗದ ಕೈಗೆ ಬಂದ ಮೇಲೆ ಪೋರ್ಟಲ್. ನನ್ನ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ಜಾತಿ ಪತ್ರದಲ್ಲಿ ಮತ್ತೊಂದು ಥರ. ಅಂಕಪಟ್ಟಿಗೆ ಬರೆದುಕೊಟ್ಟವರು ಶಾಲೆಯ ಮೇಷ್ಟ್ರು. ಆಧಾರ್‌ಗೆ ಒತ್ತಿದವನು ಆಪರೇಟರ್. ಜಾತಿ ಪತ್ರಕ್ಕೆ ಒತ್ತಿದವರು ನಾಡಕಚೇರಿಯವರು. ಮೂವರೂ ಸರ್ಕಾರದ ಕಡೆಯವರು. ನಾನು ನನ್ನ ಹೆಸರನ್ನು ಎಲ್ಲೂ ತಪ್ಪಾಗಿ ಬರೆದಿರಲಿಲ್ಲ. ಆದರೆ ಪೋರ್ಟಲ್ ನನ್ನನ್ನು ತಿರಸ್ಕರಿಸಿತು, ಹೆಸರು ಹೊಂದುತ್ತಿಲ್ಲ ಅಂತ. ತಿದ್ದುಪಡಿಗೆ ಆಧಾರ್ ಕೇಂದ್ರದ ಮುಂದೆ ಬೆಳಗಿನ ಜಾವ ಟೋಕನ್‌ಗೆ ನಿಲ್ಲಬೇಕಾದವಳು ನಾನು. ತಿದ್ದಿದ್ದು ಪೋರ್ಟಲ್‌ಗೆ ಕಾಣಿಸುವವರೆಗೆ ಸೈಬರ್ ಅಂಗಡಿಗೆ ದುಡ್ಡು ಸುರಿಯಬೇಕಾದವಳು ನಾನು.

ತಪ್ಪು ಬರೆದವರ ಸಂಬಳ ಒಂದು ದಿನವೂ ನಿಲ್ಲಲಿಲ್ಲ. ನನ್ನ ವಿದ್ಯಾರ್ಥಿವೇತನ ನಿಂತಿತು.

ಹಣ ಮಂಜೂರಾಗಿ ಬಂದರೂ ಕೈಗೆ ಬರುತ್ತದೆಯೇ? ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಗೆ ಅದು ಬರುವುದಿಲ್ಲ. ಆಧಾರ್ ಸಂಖ್ಯೆ ಯಾವ ಬ್ಯಾಂಕಿನ ಜೊತೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನನ್ನ ಆಧಾರ್ ಜೋಡಣೆಯಾಗಿದ್ದು ಹೈಸ್ಕೂಲಿನಲ್ಲಿ ತೆರೆಸಿದ್ದ ಸೊನ್ನೆ ಬಾಕಿಯ ಖಾತೆಗೆ. ವರ್ಷಗಟ್ಟಲೆ ಮುಟ್ಟದ ಆ ಖಾತೆ ನಿಷ್ಕ್ರಿಯವಾಗಿತ್ತು. ಕಾಲೇಜಿನಲ್ಲಿ ಕೇಳಿದರೆ ಪೋರ್ಟಲ್ ನೋಡು ಎನ್ನುತ್ತಾರೆ. ಇಲಾಖೆಯಲ್ಲಿ ಕೇಳಿದರೆ ನಮ್ಮಿಂದ ಹೋಗಿದೆ, ಬ್ಯಾಂಕಿನಲ್ಲಿ ಕೇಳು ಎನ್ನುತ್ತಾರೆ. ಬ್ಯಾಂಕಿನವರು ಸೀಡಿಂಗ್ ಆಗಿಲ್ಲಮ್ಮ, ನಾಳೆ ಬಾ ಎನ್ನುತ್ತಾರೆ. ನಾಳೆ ಬಂದರೆ ಸರ್ವರ್ ಇಲ್ಲ. ಈ ಮೂರು ಕಿಟಕಿಗಳ ನಡುವೆ ಓಡಾಡಿದ ದಿನಗಳೆಲ್ಲ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ಮುಂದಿನ ವರ್ಷದ ನವೀಕರಣ ಇಲ್ಲ. ವಿದ್ಯಾರ್ಥಿವೇತನ ಉಳಿಸಿಕೊಳ್ಳಲು ಕಾಲೇಜು ಬಿಟ್ಟು ಓಡಬೇಕು, ಕಾಲೇಜು ಬಿಟ್ಟು ಓಡಿದರೆ ವಿದ್ಯಾರ್ಥಿವೇತನ ಹೋಗುತ್ತದೆ. ಈ ಗಂಟನ್ನು ನಮ್ಮ ಕೊರಳಿಗೆ ಹಾಕಿದವರು ಅದನ್ನು ಪಾರದರ್ಶಕತೆ ಎಂದು ಕರೆಯುತ್ತಾರೆ.

ಒಬ್ಬ ಮೇಷ್ಟ್ರು ಇದ್ದರು. ಕನ್ನಡ ಪಾಠ ಮಾಡುತ್ತಿದ್ದರು. ವಚನಗಳನ್ನು ಹೇಳಿಕೊಡುವಾಗ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಒಂದು ದಿನ ಪಟ್ಟಿ ಹಿಡಿದು ತರಗತಿಗೆ ಬಂದರು. "ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್‌ನೋರು ಎದ್ದು ನಿಂತ್ಕೊಳಿ." ಎದ್ದು ನಿಂತೆವು. ತುಂಬಿದ ತರಗತಿಯಲ್ಲಿ ಒಬ್ಬೊಬ್ಬರಾಗಿ. ಅಲ್ಲಿಯವರೆಗೆ ನನ್ನ ಪಕ್ಕದಲ್ಲಿ ಕೂತು ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ಅವಳ ಡಬ್ಬಿ ಬೇರೆ ಬೆಂಚಿನಲ್ಲಿ ತೆರೆಯಿತು. "ಕ್ಲಾಸಿಗಿಂತ ಸ್ಕಾಲರ್‌ಶಿಪ್‌ಗೇ ಜಾಸ್ತಿ ಓಡಾಡ್ತೀರಿ" ಎಂದು ಮೇಷ್ಟ್ರು ಹೇಳಿದಾಗ ಹಿಂದಿನ ಬೆಂಚುಗಳು ನಕ್ಕವು. ಅದೇ ಮೇಷ್ಟ್ರು ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿ ಮುಕ್ಕಾಲು ಗಂಟೆ ಭಾಷಣ ಬಿಗಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಚಪ್ಪಾಳೆ ತಟ್ಟಲಿಲ್ಲ.

ಅವರು ಭಾಷಣದಲ್ಲಿ ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಅಲ್ಲಿಂದ ಲಂಡನ್‌ಗೆ ಹೋಗಿ ಓದು ಅರ್ಧದಲ್ಲಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಅರ್ಧಕ್ಕೇ ಬಿಟ್ಟು ಬರೋಡಕ್ಕೆ ವಾಪಸು ಬಂದು ಕರಾರಿನಂತೆ ನೌಕರಿಗೆ ಸೇರಿದರು. ಆ ಊರಿನಲ್ಲಿ ಅಷ್ಟು ಓದಿದವರಿಗೆ ಮಲಗಲು ಒಂದು ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಹೊರಗೆ ಹಾಕಿದರು. ಲಂಡನ್‌ಗೆ ಮತ್ತೆ ಹೋಗಲು ಆದದ್ದು 1920ರಲ್ಲಿ, ತಾವೇ ಕೂಡಿಟ್ಟ ಹಣ ಮತ್ತು ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ. ಓದು ಅರ್ಧಕ್ಕೆ ನಿಂತರೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ 1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕೂತು ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರ್ಕಾರ ಹಣ ಕೊಡಲೇಬೇಕು ಎಂದು ಪಟ್ಟು ಹಿಡಿದರು. ಇವತ್ತಿನ ಈ ಯೋಜನೆ 1944ರಿಂದ ನಡೆದು ಬಂದಿದೆ. ಯಾವ ಪಕ್ಷದ ಕೊಡುಗೆಯೂ ಅಲ್ಲ ಇದು. ಯಾವ ಮಂತ್ರಿಯ ಫೋಟೊಗೂ ಅರ್ಜಿಯ ಮೇಲೆ ಬರುವ ಹಕ್ಕಿಲ್ಲ.

ಈಗ ಎಷ್ಟು ಕೊಡುತ್ತಾರೆ ಎಂಬುದನ್ನೂ ಕೇಳಿಬಿಡಿ. ಮನೆಯಿಂದ ಓಡಾಡಿ ಬಿ.ಎ., ಬಿ.ಕಾಂ. ಓದುವ ವಿದ್ಯಾರ್ಥಿಗೆ 2010ರ ದರದಲ್ಲಿ ತಿಂಗಳಿಗೆ 300 ರೂಪಾಯಿ ನಿರ್ವಹಣಾ ಭತ್ಯೆ. 2021ರ ಹೊಸ ಮಾರ್ಗಸೂಚಿಯಲ್ಲಿ ವರ್ಷಕ್ಕೆ 3,000. ಹತ್ತು ತಿಂಗಳ ಕಾಲೇಜು ಎಂದು ಲೆಕ್ಕ ಹಿಡಿದರೆ ಅದೇ 300. ಹನ್ನೊಂದು ವರ್ಷದಲ್ಲಿ ಒಂದು ಪೈಸೆ ಹೆಚ್ಚಲಿಲ್ಲ. ದಿನಕ್ಕೆ 10 ರೂಪಾಯಿ. ನನ್ನ ಸೈಬರ್ ಅಂಗಡಿಯ ಖರ್ಚು, ಝೆರಾಕ್ಸ್ ಖರ್ಚು, ನಾಡಕಚೇರಿಗೆ ಬಸ್ ಚಾರ್ಜು, ಕೂಲಿ ಬಿಟ್ಟು ನನ್ನ ಜೊತೆ ಬಂದ ಅವ್ವನ ದಿನಗೂಲಿ, ಇವನ್ನೆಲ್ಲ ಕೂಡಿಸಿದರೆ ಭತ್ಯೆಯಲ್ಲಿ ಉಳಿಯುವುದೇನು? "ಎಲ್ಲಾ ಫ್ರೀ" ಎಂದವರು ಈ ಲೆಕ್ಕ ಮಾಡಿ ನನಗೆ ಉತ್ತರ ಹೇಳಲಿ.

ದುಡ್ಡಿಲ್ಲ ಅನ್ನುವ ಮಾತು ಸುಳ್ಳು. 2017-18ರಿಂದ 2019-20ರವರೆಗೆ ಇಡೀ ದೇಶದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಉಳಿದದ್ದು ರಾಜ್ಯಗಳ ಹೊಣೆ ಎಂದು ಕೈ ತೊಳೆದುಕೊಂಡಿತ್ತು. ರಾಜ್ಯಗಳು ಕೇಂದ್ರದತ್ತ ಕೈ ತೋರಿಸಿದವು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿಯ ಯೋಜನೆ ಒಪ್ಪಿ, ಶೇ 60 ನಾವು, ಶೇ 40 ನೀವು ಎಂದು ಪಾಲು ಮಾಡಿತು. ಹತ್ತನೇ ತರಗತಿಯ ಆಚೆ ಓದಲಾಗದೆ ಉಳಿದ ಕಡುಬಡ ಮಕ್ಕಳು 1.36 ಕೋಟಿ ಎಂದು ಆ ಹೊತ್ತಿನಲ್ಲಿ ಸರ್ಕಾರವೇ ಲೆಕ್ಕ ಕೊಟ್ಟಿತು. ಇಷ್ಟು ಮಕ್ಕಳು ಹೊರಗುಳಿಯುವವರೆಗೆ ಏನು ಮಾಡುತ್ತಿದ್ದಿರಿ? ಆಮೇಲಾದರೂ ಕಲಿತರೇ? 2022ರಲ್ಲಿ ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನ ಕಿತ್ತರು, ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿದರು.

ರಾಜ್ಯದವರು ಬೇರೆಯೇ? ಪರಿಶಿಷ್ಟರ ಪಾಲಿನ ಹಣ ಪರಿಶಿಷ್ಟರಿಗೇ ಎಂದು 2013ರಲ್ಲಿ ಕಾಯ್ದೆ ಮಾಡಿದವರು ಇವರೇ. 2023-24ರಲ್ಲಿ ಅದೇ ಪಾಲಿನ 11,000 ಕೋಟಿಗೂ ಹೆಚ್ಚು ಹಣವನ್ನು ತಮ್ಮ ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿದವರೂ ಇವರೇ. ಆ ಗ್ಯಾರಂಟಿಗಳಲ್ಲೊಂದಾದ ಗೃಹಲಕ್ಷ್ಮಿಯ 2,000 ನಮ್ಮವ್ವನಿಗೆ ಬರುತ್ತದೆ, ಬರಲಿ. ನಮ್ಮೂರ ಗೌಡರ ಮನೆಯಾಕೆಗೂ ಅದೇ 2,000 ಬರುತ್ತದೆ. ಆಕೆಗೆ ಬರುವುದು ಎಲ್ಲರ ಖಜಾನೆಯಿಂದ. ಅವ್ವನಿಗೆ ಬರುವುದು ದಲಿತರ ಓದಿಗೆ, ಮನೆಗೆ, ಭೂಮಿಗೆ ಅಂತ ತೆಗೆದಿಟ್ಟ ಹಣದಿಂದ. ನಮ್ಮ ಒಂದು ಜೇಬಿನಿಂದ ಕಿತ್ತು ಇನ್ನೊಂದು ಜೇಬಿಗೆ ಹಾಕಿ, ನಾವು ಕೊಟ್ಟೆವು ಎಂದು ಫ್ಲೆಕ್ಸ್ ಕಟ್ಟುತ್ತಾರೆ. ಆ 2,000 ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗುತ್ತದೆ ಹೇಳಲೆ? ಸಂಘದ ಕಂತಿಗೆ.

ಈ ತಡ ಎಂಬುದಿದೆಯಲ್ಲ, ಅದು ಕೆಲಸ ಮಾಡುತ್ತದೆ. ಮೊರ ಹಿಡಿದು ಕೇರಿದ ಹಾಗೆ ನಮ್ಮನ್ನು ಕೇರುತ್ತದೆ. ಸಾಲ ಎತ್ತಬಲ್ಲ ಅವ್ವ ಇದ್ದವರು ಮೊರದಲ್ಲಿ ಉಳಿಯುತ್ತಾರೆ, ಇಲ್ಲದವರು ಹಾರಿಹೋಗುತ್ತಾರೆ. ನನ್ನ ತರಗತಿಯಲ್ಲಿ ಒಬ್ಬಳಿದ್ದಳು, ಅಕೌಂಟೆನ್ಸಿಯಲ್ಲಿ ನಮ್ಮೆಲ್ಲರಿಗಿಂತ ಚುರುಕು. ಎರಡನೇ ವರ್ಷದ ಶುಲ್ಕಕ್ಕೆ ದಾರಿ ಸಿಗಲಿಲ್ಲ. ಮೊದಲ ವರ್ಷದ ಹಣ ಇನ್ನೂ ಬಂದಿರಲಿಲ್ಲ. ಕಾಲೇಜಿನವರು ಹಾಲ್ ಟಿಕೆಟ್ ಕೊಡಲಿಲ್ಲ. ಅವಳು ಗಾರ್ಮೆಂಟ್ಸಿಗೆ ಸೇರಿದಳು. ಮುಂದಿನ ವರ್ಷ ಒಂದು ಮಧ್ಯಾಹ್ನ ಅವಳ ಫೋನಿಗೆ ಮೆಸೇಜು ಬಂತಂತೆ, ವಿದ್ಯಾರ್ಥಿವೇತನ ಜಮಾ ಆಗಿದೆ ಅಂತ. ಸರ್ಕಾರದ ಕಡತದಲ್ಲಿ ಅವಳು ಇವತ್ತಿಗೂ ಹಣ ತಲುಪಿದ ವಿದ್ಯಾರ್ಥಿನಿ. ಅವಳ ಲೆಕ್ಕ ಚುಕ್ತಾ ಆಗಿದೆ. ಅವಳು ಇವತ್ತಿಗೂ ಅಂಗಿಗೆ ಕಾಲರ್ ಹೊಲಿಯುತ್ತಿದ್ದಾಳೆ.

ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲನನ್ನು ನೀವು ಮರೆತಿದ್ದರೆ ನೆನಪಿಸುತ್ತೇನೆ. ತಿಂಗಳಿಗೆ 25 ಸಾವಿರದ ಫೆಲೋಶಿಪ್ ಅನ್ನು ತಿಂಗಳುಗಟ್ಟಲೆ ತಡೆದಿದ್ದರು. 2016ರ ಜನವರಿ 17ರಂದು ಅವನು ಹೋದ. ಕೊನೆಯ ಪತ್ರದಲ್ಲಿಯೂ ಏಳು ತಿಂಗಳ ಬಾಕಿ 1.75 ಲಕ್ಷದ ಲೆಕ್ಕ ಇತ್ತು, ಅದು ಮನೆಯವರಿಗೆ ಸೇರಲಿ ಅಂತ. ಆ ಪತ್ರವನ್ನು ಓದಿ ಅತ್ತವರು ನಕ್ಷತ್ರಗಳ ಬಗ್ಗೆ ಅವನು ಬರೆದದ್ದನ್ನು ನೆನಪಿಟ್ಟುಕೊಂಡರು. ನಮ್ಮಂಥವರಿಗೆ ನೆನಪಿರುವುದು ಆ ಬಾಕಿಯ ಲೆಕ್ಕ. ಸಾಯುವ ಹೊತ್ತಿನಲ್ಲೂ ಒಬ್ಬ ವಿದ್ವಾಂಸ ತನ್ನ ವಿದ್ಯಾರ್ಥಿವೇತನದ ಅರಿಯರ್ಸ್ ಕೂಡಿಸಬೇಕಾಯಿತು. ಎದೆ ಇರುವವರಿಗೆ ಇಷ್ಟು ಸಾಕು.

ಇತ್ತ ಅದೇ ಹಣವನ್ನು ನುಂಗಿದವರು ಹೇಗಿದ್ದಾರೆ? ಹಿಮಾಚಲ ಪ್ರದೇಶದಲ್ಲಿ 250 ಕೋಟಿಯ ವಿದ್ಯಾರ್ಥಿವೇತನ ಹಗರಣವನ್ನು ಸಿಬಿಐ ತನಿಖೆಗೆ ಎತ್ತಿಕೊಂಡಿತು. ದಲಿತ, ಆದಿವಾಸಿ ಮಕ್ಕಳ ಹೆಸರಿನಲ್ಲಿ ಖಾಸಗಿ ಸಂಸ್ಥೆಗಳು ಹಣ ಎತ್ತಿದ ಆರೋಪ ಅದು. ನನ್ನ ಹೆಸರಿನ ಒಂದು ಅಕ್ಷರ ಹೊಂದಲಿಲ್ಲ ಎಂದು ಬಾಗಿಲು ಹಾಕುವ ಈ ವ್ಯವಸ್ಥೆಯೊಳಗೆ ಕೋಟಿಗಳು ಹರಿದು ಹೋಗಲು ದಾರಿ ಇತ್ತು. ಗಾಳ ಯಾವಾಗಲೂ ನಮ್ಮ ಬಾಯಿಗೇ ಬೀಳುತ್ತದೆ. ಇದು ಕೆಟ್ಟುಹೋದ ಯಂತ್ರವಲ್ಲ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಚೆನ್ನಾಗಿ ತಿಳಿದ ಯಂತ್ರ.

ಆದ್ದರಿಂದ ನಾನು ಕೇಳುವುದನ್ನು ಕೈಮುಗಿದು ಕೇಳುವುದಿಲ್ಲ. ಅರ್ಜಿ ಸಲ್ಲಿಸಲು ವಿದ್ಯಾರ್ಥಿ ಒಂದು ದಿನ ತಡಮಾಡಿದರೆ ಇಡೀ ವರ್ಷದ ಹಣ ಹೋಗುತ್ತದೆ ಎಂದಾದರೆ, ಸರ್ಕಾರ ತಡಮಾಡಿದ ಪ್ರತಿ ತಿಂಗಳಿಗೂ ಬಡ್ಡಿ ಸೇರಿಸಿ ಕೊಡಬೇಕು, ಸಂಘದವರು ಅವ್ವನಿಂದ ವಸೂಲು ಮಾಡಿದ ದರದಲ್ಲೇ. ಬಾಕಿ ಸರ್ಕಾರದ್ದಾಗಿರುವಾಗ ವಿದ್ಯಾರ್ಥಿಯ ಹಾಲ್ ಟಿಕೆಟ್, ಅಂಕಪಟ್ಟಿ, ವರ್ಗಾವಣೆ ಪತ್ರ ಹಿಡಿದಿಟ್ಟುಕೊಂಡ ಪ್ರಾಂಶುಪಾಲರ ಮೇಲೆ ಪ್ರಕರಣ ದಾಖಲಾಗಬೇಕು. ನಮ್ಮ ಜಾತಿ, ನಮ್ಮ ಪಡಿತರ, ನಮ್ಮ ಇಲ್ಲದ ಭೂಮಿ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಪರಿಶೀಲನೆ ಬೇಕಿದ್ದರೆ ನೀವು ಮಾಡಿಕೊಳ್ಳಿ, ಕಾಲೇಜಿಗೆ ಬನ್ನಿ, ತರಗತಿಯ ಹೊತ್ತು ತಪ್ಪಿಸದೆ ಬನ್ನಿ. ನಮ್ಮನ್ನು ಎದ್ದು ನಿಲ್ಲಿಸಬೇಡಿ.

ಈ ವರ್ಷ ನನ್ನ ತಮ್ಮ ಕಾಲೇಜು ಸೇರಿದ್ದಾನೆ. ಮತ್ತೊಂದು ಖಾಸಗಿ ಕಾಲೇಜು, ಅದೇ ಮಾತು, ಮೊದಲು ಶುಲ್ಕ. ಸಾಲ ಎತ್ತಲು ಹೊರಟ ಅವ್ವನನ್ನು ನಾನು ತಡೆದೆ. ಮಾರ್ಗಸೂಚಿಯ ಪ್ರತಿ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋದೆ, ಕೇಳದೆಯೇ ಕುರ್ಚಿ ಎಳೆದು ಕೂತೆ. ನಾವು ಕಟ್ಟುವುದಿಲ್ಲ, ಕಟ್ಟಬೇಕಾದವರು ಸರ್ಕಾರ, ಅವರನ್ನು ಕೇಳಿ ಎಂದೆ. "ಹುಡುಗನ ಭವಿಷ್ಯ ನೋಡ್ಕೊಳಮ್ಮ" ಎಂದರು. ಆ ಮಾತನ್ನು ಬರೆದು ಸಹಿ ಹಾಕಿ ಕೊಡಿ ಎಂದೆ. ಕೊಡಲಿಲ್ಲ. ತಮ್ಮ ತರಗತಿಗೆ ಹೋಗುತ್ತಿದ್ದಾನೆ, ಅವನ ಅರ್ಜಿ ಕಾಲೇಜಿನ ಲಾಗಿನ್‌ನಲ್ಲಿ ಬಾಕಿ ಬಿದ್ದಿದೆ. ಪರೀಕ್ಷೆ ಹತ್ತಿರವಾದಾಗ ಹಾಲ್ ಟಿಕೆಟ್ ತಡೆಯುತ್ತಾರೆ, ನನಗೆ ಗೊತ್ತು. ಆವತ್ತು ನಾನೊಬ್ಬಳೇ ಹೋಗುವುದಿಲ್ಲ. ಆ ಕಾಲೇಜಿನಲ್ಲಿ ಎದ್ದು ನಿಲ್ಲಿಸಿಕೊಂಡ ಮಕ್ಕಳ ಮನೆಗಳಿಗೆ ಭಾನುವಾರಗಳಂದು ಹೋಗಿ ಬರುತ್ತಿದ್ದೇನೆ. ಅವರ ಅವ್ವಂದಿರ ಸಂಘದ ಪುಸ್ತಕಗಳ ಝೆರಾಕ್ಸ್ ಒಂದೊಂದಾಗಿ ನನ್ನ ಹತ್ತಿರ ಸೇರುತ್ತಿವೆ.